ಇಸ್ಪೀಟು ಕಟ್ಟನ್ನು ಗುಟ್ಟಾಗಿ ಜೋಡಿಸಿಕೊಳ್ಳುವ ಬಗೆ

ಜೋಡಿಸಿಟ್ಟ ಕಟ್ಟಿನಿಂದ ಜಾದೂ ಮಾಡುವವರು ಹೆಚ್ಚಾಗಿ ಸಿಕ್ಕಿಬೀಳುವುದು ಎಲೆಗಳ ಕ್ರಮ ಮರೆತು ಅಲ್ಲ, ಕಾರಣವಿಲ್ಲದೆ ಕಟ್ಟನ್ನು ಮುಟ್ಟಿ. ಯಾವ ನೆಪವೂ ಇಲ್ಲದೆ ಎಲೆಗಳ ಮುಖ ನೋಡುವುದು, ಕಲಸಲು ಯಾರೋ ಕೈಚಾಚಿದಾಗ ಕಟ್ಟನ್ನು ಹಿಂದಕ್ಕೆ ಎಳೆದುಕೊಳ್ಳುವುದು, ಎಲ್ಲ ಮುಗಿದ ಮೇಲೂ ಕಟ್ಟನ್ನು ಬಿಗಿಯಾಗಿ ಹಿಡಿದು ಕೂರುವುದು: ಗುಟ್ಟು ಬಯಲಾಗುವುದು ಇಂಥ ಕಡೆ. ಆದ್ದರಿಂದ ಪ್ರತಿ ಜೋಡಣೆಯ ಜೊತೆಗೆ ಮೂರು ಪ್ರಶ್ನೆಗಳನ್ನೂ ಇಟ್ಟುಕೊಳ್ಳಿ. ಇದನ್ನು ಯಾವಾಗ ಜೋಡಿಸುತ್ತೇನೆ? ಆಗ ಕೈಗೆ ಏನು ನೆಪ? ಯಾವ ಹಂತದಲ್ಲಿ ಇದನ್ನು ಅಳಿಸಿಹಾಕುತ್ತೇನೆ? ಮೂರಕ್ಕೂ ಉತ್ತರ ಸಿಗುವವರೆಗೆ ಆ ಜೋಡಣೆ ಪ್ರದರ್ಶನಕ್ಕೆ ಸಿದ್ಧವಾಗಿಲ್ಲ ಎಂದೇ ತಿಳಿಯಿರಿ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಇಲ್ಲಿರುವುದೆಲ್ಲ ಜಾದೂಗೆ. ಹಣ ಇಟ್ಟು ಆಡುವ ಕಡೆ ಇದೇ ವಿದ್ಯೆ ಮೋಸವಾಗುತ್ತದೆ.

ಎಷ್ಟು ಎಲೆ ಜೋಡಿಸಬೇಕು?

ಆಟ ಕೇಳುವಷ್ಟು ಮಾತ್ರ. ನಾಲ್ಕು ಎಕ್ಕಗಳು ಮೇಲಿದ್ದರೆ ಸಾಕಾಗುವ ಆಟಕ್ಕೆ 52 ಎಲೆಯನ್ನೂ ಜೋಡಿಸಿಟ್ಟರೆ, ಆ 52ನ್ನೂ ಕಾಯುವ ಕೆಲಸ ತಲೆಗೆ ಬರುತ್ತದೆ. ನಾಲ್ಕರಿಂದ ಹದಿನಾರು ಎಲೆಗಳ ಸಣ್ಣ ಜೋಡಣೆಯನ್ನು ಜನರ ಎದುರಿಗೇ ಮಾಡಿಕೊಳ್ಳಬಹುದು, ಉಳಿದ ಎಲೆಗಳನ್ನು ನಿಜವಾಗಿಯೇ ಕಲಸಬಹುದು. ಪೂರ್ತಿ ಕಟ್ಟಿನ ಜೋಡಣೆಯನ್ನು ಮೊದಲೇ ಮಾಡಿಟ್ಟುಕೊಂಡು ಬರಬೇಕು. ಆದರೆ ಅದರಿಂದ ಒಂದರ ಹಿಂದೊಂದು ಮೂರು ನಾಲ್ಕು ಆಟಗಳನ್ನು ಎಳೆಯಬಹುದು.

ಯಾವುದೇ ಜೋಡಣೆಗೆ ಮುಂಚೆ ಕಟ್ಟನ್ನೇ ಪರೀಕ್ಷಿಸಿ. ಜೋಕರ್ ಮತ್ತು ಜಾಹೀರಾತಿನ ಎಲೆಗಳನ್ನು ಹೊರಗಿಡಿ. ಎಣಿಸಿದರೆ 52 ಇರಬೇಕು, ಪ್ರತಿ ಜಾತಿಯಲ್ಲಿ 13. ಒಂದು ಎಲೆ ಕಮ್ಮಿಯಾದರೂ ಪೂರ್ತಿ ಕಟ್ಟಿನ ಜೋಡಣೆ ಆ ಜಾಗದಲ್ಲಿ ತುಂಡಾಗುತ್ತದೆ. ಅಂಚು ಮಡಿಚಿದ ಎಲೆ ಇದ್ದರೆ ಕಟ್ ಮಾಡಿದಾಗಲೆಲ್ಲ ಕಟ್ಟು ಅಲ್ಲೇ ಬಾಯಿ ಬಿಡುತ್ತದೆ. ಅಂಟುವ ಎಲೆಗಳಂತೂ ಬೇಡವೇ ಬೇಡ. ಒಂದರ ಬದಲು ಎರಡು ಒಟ್ಟಿಗೆ ಜಾರಿದರೆ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಒಂದು ಮನೆ ತಪ್ಪುತ್ತದೆ, ಅದು ನಿಮ್ಮ ಅರಿವಿಗೆ ಬರುವುದು ಆಟದ ಕೊನೆಯಲ್ಲಿ. ಹಾಗೆಂದು ಆಗಷ್ಟೇ ಒಡೆದ ಹೊಚ್ಚಹೊಸ ಕಟ್ಟೂ ಒಳ್ಳೆಯದಲ್ಲ, ಎಲೆಗಳು ತುಂಬಾ ಜಾರುತ್ತವೆ. ಒಂದೆರಡು ದಿನ ಕೈಯಲ್ಲಿ ಆಡಿದ, ಅಂಚು ಸಪಾಟಾಗಿರುವ ಕಟ್ಟು ಹೇಳಿದಂತೆ ಕೇಳುತ್ತದೆ.

ಮೂರು ಕೂಡಿಸುವ ಜೋಡಣೆ

ಪೂರ್ತಿ ಕಟ್ಟಿನ ಜೋಡಣೆಗಳಲ್ಲಿ ಮೊದಲು ಕಲಿಯಬೇಕಾದದ್ದು ಇದೇ. ಅಮೆರಿಕದ ರಂಗಪ್ರದರ್ಶನಗಳಲ್ಲಿ ಸೈ ಸ್ಟೆಬಿನ್ಸ್ ಎಂಬ ಹೆಸರಿನಿಂದ ಆಡುತ್ತಿದ್ದ ಜಾದೂಗಾರ ಇದನ್ನು ಬಳಕೆಗೆ ತಂದದ್ದರಿಂದ ಅದೇ ಹೆಸರು ನಿಂತಿದೆ. ಅಂಕಿಯನ್ನು ಮೂರು ಮೂರಾಗಿ ಏರಿಸುವ ಉಪಾಯ ಮಾತ್ರ ಅವನಿಗಿಂತ ಬಹಳ ಹಳೆಯದು.

ನಿಯಮ ಎರಡೇ. ಪ್ರತಿ ಎಲೆ ಹಿಂದಿನ ಎಲೆಗಿಂತ 3 ಹೆಚ್ಚು. ಜಾತಿಗಳು ಕ್ಲಾವರ್, ಆಟೀನು, ಇಸ್ಪೇಟು, ಡೈಮಂಡ್ ಎಂಬ ಕ್ರಮದಲ್ಲೇ ಸುತ್ತುತ್ತವೆ. ಎಕ್ಕ 1, ಗುಲಾಮ 11, ರಾಣಿ 12, ರಾಜ 13. ಮೊತ್ತ 13 ದಾಟಿದರೆ 13 ಕಳೆಯಿರಿ. ಹಾಗಾಗಿ ಗುಲಾಮನ ನಂತರ ಎಕ್ಕ, ರಾಣಿಯ ನಂತರ 2, ರಾಜನ ನಂತರ 3. ಕ್ಲಾವರ್ ಎಕ್ಕದಿಂದ ಹೊರಟರೆ ಸಾಲು ಹೀಗೆ ಸಾಗುತ್ತದೆ: ಕ್ಲಾವರ್ ಎಕ್ಕ, ಆಟೀನು 4, ಇಸ್ಪೇಟು 7, ಡೈಮಂಡ್ 10, ಕ್ಲಾವರ್ ರಾಜ, ಆಟೀನು 3, ಇಸ್ಪೇಟು 6, ಡೈಮಂಡ್ 9, ಕ್ಲಾವರ್ ರಾಣಿ...

ಒಂದೊಂದೇ ಎಲೆ ಹುಡುಕಿ ಜೋಡಿಸಲು ಹೋದರೆ ಹೊತ್ತು ಹಿಡಿಯುತ್ತದೆ, ತಪ್ಪೂ ಆಗುತ್ತದೆ. ಬೇಗ ಮುಗಿಸುವ ದಾರಿ ಬೇರೆ ಇದೆ:

1. ನಾಲ್ಕು ಜಾತಿಗಳನ್ನು ಬೇರೆ ಮಾಡಿ, ನಾಲ್ಕು ಗುಡ್ಡೆಗಳನ್ನು ಅಂಗಾತ ಇಡಿ. ಪ್ರತಿ ಗುಡ್ಡೆಯಲ್ಲಿ ರಾಜ ಮೇಲೆ, ಅದರ ಕೆಳಗೆ ರಾಣಿ, ಗುಲಾಮ, 10, ಹೀಗೆ ಇಳಿಯುತ್ತಾ ಎಕ್ಕ ತಳದಲ್ಲಿರಲಿ.
2. ಕ್ಲಾವರ್ ಗುಡ್ಡೆಯ ತಳದಿಂದ 1 ಎಲೆ ತೆಗೆದು ಮೇಲಿಡಿ. ಆಟೀನಿನ ತಳದಿಂದ 4 ಎಲೆ, ಇಸ್ಪೇಟಿನ ತಳದಿಂದ 7, ಡೈಮಂಡಿನ ತಳದಿಂದ 10 ಎಲೆಗಳನ್ನು ಇದ್ದ ಹಾಗೇ ಒಟ್ಟಿಗೆ ಎತ್ತಿ ಮೇಲಿಡಿ. ಈಗ ಮೇಲೆ ಕಾಣುವುದು ಕ್ಲಾವರ್ ಎಕ್ಕ, ಆಟೀನು 4, ಇಸ್ಪೇಟು 7, ಡೈಮಂಡ್ 10.
3. ಇದೇ ಕ್ರಮದಲ್ಲಿ ಒಂದೊಂದು ಗುಡ್ಡೆಯಿಂದ ಒಂದೊಂದು ಎಲೆ ತೆಗೆದು, ಅಂಗಾತವಾಗಿಯೇ ಒಂದರ ಮೇಲೊಂದು ಹಾಕುತ್ತಾ ಹೋಗಿ. 13 ಸುತ್ತು.
4. ಕೊನೆಗೆ ಬೀಳುವ ಎಲೆ ಡೈಮಂಡ್ ಗುಲಾಮ ಆಗಿರಬೇಕು. ಬೇರೆ ಏನಾದರೂ ಬಂದರೆ ಎಲ್ಲೋ ಎರಡು ಎಲೆ ಒಟ್ಟಿಗೆ ಬಿದ್ದಿವೆ ಎಂದರ್ಥ. ಪೂರ್ತಿ ಕಟ್ಟನ್ನು ಕವುಚಿ ಹಾಕಿ.

ಇಲ್ಲಿ ಗಮನಿಸಬೇಕಾದ ಸೊಗಸು ಒಂದಿದೆ. ಡೈಮಂಡ್ ಗುಲಾಮನಿಗೆ 3 ಕೂಡಿಸಿ, ಮುಂದಿನ ಜಾತಿಗೆ ಹೋದರೆ ಮತ್ತೆ ಕ್ಲಾವರ್ ಎಕ್ಕವೇ. ಅಂದರೆ ಸಾಲಿಗೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ಮೇಲಿನ ಭಾಗ ಎತ್ತಿ ಕೆಳಗಿಡುವ ಸಾದಾ ಕಟ್ ಎಷ್ಟು ಸಲ ಮಾಡಿದರೂ ಕ್ರಮ ಕೆಡುವುದಿಲ್ಲ. ಆದ್ದರಿಂದ ಕಟ್ ಮಾಡುವ ಕೆಲಸವನ್ನು ಪ್ರೇಕ್ಷಕರಿಗೆ ಧಾರಾಳವಾಗಿ ಬಿಟ್ಟುಕೊಡಿ. ಇಬ್ಬರು ಮೂವರು ಕಟ್ ಮಾಡಿದ ಮೇಲೆ, ಕಟ್ಟನ್ನು ಚೆನ್ನಾಗಿ ಕಲಸಲಾಯಿತು ಎಂಬ ನೆನಪೇ ಅವರಲ್ಲಿ ಉಳಿಯುತ್ತದೆ. ಒಂದು ಎಚ್ಚರ: ಕಟ್ ಪೂರ್ತಿಯಾಗಬೇಕು. ಎತ್ತಿದ ಭಾಗವನ್ನು ಇನ್ನೊಂದರ ನಡುವೆ ತೂರಿಸಿದರೆ ಎಲ್ಲ ಮುಗಿಯಿತು. ಕಟ್ಟನ್ನು ಅವರ ಕೈಗೆ ಕೊಡದೆ ಮೇಜಿನ ಮೇಲಿಟ್ಟು, "ಒಂದಷ್ಟು ಎತ್ತಿ ಪಕ್ಕಕ್ಕಿಡಿ" ಎಂದಷ್ಟೇ ಹೇಳಿ, ಉಳಿದ ಭಾಗವನ್ನು ನೀವೇ ಅದರ ಮೇಲೆ ಇಟ್ಟರೆ ಆ ಭಯವಿಲ್ಲ.

ಇನ್ನು ಎಲೆ ಹೇಳುವುದು. ಕಟ್ಟನ್ನು ಕವುಚಿ ಹರಡಿ, ಒಂದು ಎಲೆ ಎಳೆದುಕೊಳ್ಳಲು ಹೇಳಿ. ಎಳೆದ ಜಾಗದಲ್ಲಿ ಕಟ್ಟನ್ನು ಬೇರೆ ಮಾಡಿ, ಆ ಎಲೆಯ ಮೇಲಿದ್ದ ಭಾಗವನ್ನೆಲ್ಲ ಕೆಳಗೆ ಹಾಕಿ. ಈಗ ತಳದ ಎಲೆ ಯಾವುದೆಂದು ಕದ್ದು ನೋಡಿದರೆ ಸಾಕು. ತಳದಲ್ಲಿ ಆಟೀನು 5 ಇದ್ದರೆ ಅವರ ಕೈಯಲ್ಲಿರುವುದು ಇಸ್ಪೇಟು 8. ಡೈಮಂಡ್ 9 ಇದ್ದರೆ ಕ್ಲಾವರ್ ರಾಣಿ. ತಳ ನೋಡಲು ಕಟ್ಟನ್ನು ಎತ್ತಿ ಹಿಡಿಯುವುದು ಬೇಡ. ಅಂಚು ಸರಿಮಾಡುವ ನೆಪದಲ್ಲಿ ಕಟ್ಟನ್ನು ಉದ್ದದ ಅಂಚಿನ ಮೇಲೆ ನಿಲ್ಲಿಸಿ ಮೇಜಿಗೆ ಒಮ್ಮೆ ತಟ್ಟಿ. ಮುಖ ನಿಮ್ಮ ಕಡೆಗಿರಲಿ, ತಟ್ಟುವ ಹೊತ್ತಿಗೆ ಅವರನ್ನು ಏನಾದರೂ ಕೇಳಿ: "ಎಲೆ ಚೆನ್ನಾಗಿ ನೆನಪಿಟ್ಟುಕೊಂಡಿರಾ?" ಪ್ರಶ್ನೆ ಕೇಳಿದರೆ ಜನ ಮುಖ ನೋಡುತ್ತಾರೆ, ಕೈ ನೋಡುವುದಿಲ್ಲ. ನಿಮ್ಮ ಕಣ್ಣು ಎಲೆಯ ಮೇಲೆ ಒಂದು ಕ್ಷಣಕ್ಕಿಂತ ಹೆಚ್ಚು ನಿಲ್ಲಬಾರದು, ಲೆಕ್ಕ ಆಮೇಲೆ ಮಾಡಿಕೊಳ್ಳಿ.

ಎಲೆ ವಾಪಸ್ಸು ಪಡೆಯುವಾಗ ಅದನ್ನು ಕಟ್ಟಿನ ಮೇಲೋ ತಳಕ್ಕೋ ಇಡಿಸಿ, ಕಟ್ ಮಾಡಿ. ಎರಡೂ ಕಡೆ ಅದರ ಸ್ಥಾನ ಸರಿಯೇ, ಸಾಲು ಮತ್ತೆ ಕೂಡಿಕೊಳ್ಳುತ್ತದೆ. ನಡುವೆ ಎಲ್ಲಾದರೂ ತೂರಿಸಿದರೆ ಮಾತ್ರ ಜೋಡಣೆ ಎರಡು ಕಡೆ ಮುರಿಯುತ್ತದೆ. ಜಾದೂ ಕಲಿಯುತ್ತಿರುವವರು ಹೆಚ್ಚಾಗಿ ಕೈತಪ್ಪಿಸಿಕೊಳ್ಳುವುದು ಇಲ್ಲೇ. ಪ್ರೇಕ್ಷಕರು ತಮ್ಮ ಪಾಡಿಗೆ ಎಲೆಯನ್ನು ನಡುವೆ ತುರುಕುತ್ತಾರೆ. ಅವರ ಕೈ ಮುಂದೆ ಬರುವ ಮೊದಲೇ ನೀವು ಕಟ್ಟನ್ನು ಚಾಚಿ, ಬೆರಳಿನಿಂದ ಮೇಲ್ಭಾಗ ತೋರಿಸಿರಬೇಕು.

ಕಣ್ಣು ಚುರುಕಿರುವವರ ಮುಂದೆ

ಮೂರು ಕೂಡಿಸುವ ಜೋಡಣೆಗೆ ಒಂದು ದೌರ್ಬಲ್ಯವಿದೆ. ಕಟ್ಟನ್ನು ಅಂಗಾತ ಹರಡಿ ತೋರಿಸಿದರೆ ಒಂದು ಕಪ್ಪು ಒಂದು ಕೆಂಪು ಎಂದು ಬರುವುದು, ನಾಲ್ಕನೇ ಎಲೆಗೊಮ್ಮೆ ಒಂದೇ ಜಾತಿ ಒಂದೊಂದು ಅಂಕಿ ಇಳಿಯುವುದು ಗಮನವಿಟ್ಟವರಿಗೆ ಕಂಡುಬಿಡುತ್ತದೆ. ಹರಡಿದ ಕಟ್ಟನ್ನು ಒಂದು ಕ್ಷಣ ತೋರಿಸಿ ಮುಚ್ಚಬೇಕು, ಇಲ್ಲವೇ ತೋರಿಸಲೇಬಾರದು.

ಅಂಕಿಗಳ ಏರಿಕೆ ಕಾಣದಿರಲಿ ಎಂದಾದರೆ, ಇನ್ನೊಂದು ಹಳೆಯ ಕ್ರಮವನ್ನು ಬಾಯಿಪಾಠ ಮಾಡಿ: 8, ರಾಜ, 3, 10, 2, 7, 9, 5, ರಾಣಿ, 4, ಎಕ್ಕ, 6, ಗುಲಾಮ. ಗುಲಾಮನ ನಂತರ ಮತ್ತೆ 8. ಜಾತಿಗಳ ಸುತ್ತು ಮೊದಲಿನಂತೆಯೇ. ಮಗ್ಗಿ ಹೇಳುವ ಧಾಟಿಯಲ್ಲಿ ಮೂರು ಮೂರಾಗಿ ಒಡೆದುಕೊಂಡರೆ ನಾಲಗೆಗೆ ಬೇಗ ಹತ್ತುತ್ತದೆ: ಎಂಟು-ರಾಜ-ಮೂರು, ಹತ್ತು-ಎರಡು-ಏಳು, ಒಂಬತ್ತು-ಐದು-ರಾಣಿ, ನಾಲ್ಕು-ಎಕ್ಕ-ಆರು, ಗುಲಾಮ. ಕಲಿತಾಯಿತೇ ಎಂದು ಪರೀಕ್ಷಿಸಲು ಮೊದಲಿನಿಂದ ಹೇಳುತ್ತಾ ಬರುವುದು ಸಾಲದು. ಕಲಸಿದ ಬೇರೊಂದು ಕಟ್ಟಿನಿಂದ ಎಲೆಯೊಂದನ್ನು ತಿರುಗಿಸಿ, ಅದರ ಮುಂದಿನದನ್ನು ತಡವರಿಸದೆ ಹೇಳಲು ಬರಬೇಕು. ಪ್ರದರ್ಶನದಲ್ಲಿ ನಿಮಗೆ ಸಿಗುವುದು ಯಾವತ್ತೂ ಸಾಲಿನ ಮಧ್ಯದ ಒಂದು ಎಲೆ.

ಜನರ ಎದುರಿಗೇ ಜೋಡಿಸುವುದು

ಬೇರೆಯವರ ಕಟ್ಟು ಕೈಗೆ ಬಂದಾಗ, ಅಥವಾ ಕಟ್ಟನ್ನು ಆಗಲೇ ಎಲ್ಲರೂ ಕಲಸಿದ ಮೇಲೆ ಸಣ್ಣ ಜೋಡಣೆಯನ್ನು ಅವರ ಕಣ್ಣೆದುರೇ ಮಾಡಬೇಕಾಗುತ್ತದೆ. ಇಲ್ಲಿ ಕೈಚಳಕಕ್ಕಿಂತ ನೆಪ ದೊಡ್ಡದು.

ಅತ್ಯಂತ ಸುಲಭದ ಅವಕಾಶ ಸಿಗುವುದು ಹಿಂದಿನ ಆಟ ಮುಗಿದು ಎಲೆಗಳು ಮೇಜಿನ ಮೇಲೆ ಅಂಗಾತ ಚೆಲ್ಲಿರುವಾಗ. ಆಗ ನೀವು ಎಲೆ ಬಾಚಿಕೊಳ್ಳುತ್ತಿದ್ದೀರಿ, ಅಷ್ಟೇ. ಆಟ ಮುಗಿದಿದೆ, ಯಾರೂ ನೋಡುತ್ತಿಲ್ಲ. ನಾಲ್ವರಿಗೆ ಎಲೆ ಹಂಚಿ ನಾಲ್ಕೂ ರಾಜರನ್ನು ನಿಮ್ಮ ಕೈಗೇ ಬರಿಸಬೇಕು ಎಂದಿಟ್ಟುಕೊಳ್ಳಿ. ಯಾವುದಾದರೂ ಮೂರು ಎಲೆ ಎತ್ತಿಕೊಂಡು ಅವುಗಳ ಮೇಲೆ ಒಬ್ಬ ರಾಜನನ್ನು ಅಂಗಾತವಾಗಿಯೇ ಸೇರಿಸಿ. ಅದರ ಮೇಲೆ ಮತ್ತೆ ಮೂರು ಎಲೆ, ಮತ್ತೊಬ್ಬ ರಾಜ. ನಾಲ್ಕು ಸಲ ಹೀಗೆ ಮಾಡಿದರೆ ಹದಿನಾರು ಎಲೆ. ಉಳಿದವನ್ನು ಹೇಗೆ ಬೇಕಾದರೂ ಬಾಚಿ, ಈ ಹದಿನಾರರ ಮೇಲೆ ಹಾಕಿ, ಕಟ್ಟನ್ನು ಕವುಚಿ. ರಾಜರು ಈಗ ಮೇಲಿನಿಂದ 4, 8, 12, 16ನೇ ಜಾಗದಲ್ಲಿದ್ದಾರೆ. ಕೊನೆಯ ಎಲೆ ತನಗೆ ಹಾಕಿಕೊಳ್ಳುವ ಹಂಚುವವನಿಗೆ ನಾಲ್ಕೂ ಬರುತ್ತಾರೆ.

ಬಾಚುವ ವೇಗ ಒಂದೇ ಸಮ ಇರಲಿ. ರಾಜನನ್ನು ಎತ್ತುವಾಗ ಕೈ ನಿಧಾನವಾಗಿ, ಉಳಿದ ಎಲೆಗಳಿಗೆ ಅವಸರವಾದರೆ ಆ ವ್ಯತ್ಯಾಸವೇ ಕಣ್ಣು ಕುಕ್ಕುತ್ತದೆ. ಮೂರು ಎಲೆಗಳನ್ನು ಎಣಿಸಿ ಎತ್ತಬೇಡಿ. ಎರಡು ಒಮ್ಮೆ, ಒಂದು ಒಮ್ಮೆ, ಮುಂದಿನ ಸಲ ಮೂರೂ ಒಟ್ಟಿಗೆ, ಹೀಗೆ ಏರುಪೇರಾಗಿರಲಿ. ರಾಜರು ಮೇಜಿನ ಯಾವ ಮೂಲೆಯಲ್ಲಿದ್ದಾರೆ ಎಂಬುದನ್ನು ಹಿಂದಿನ ಆಟ ನಡೆಯುವಾಗಲೇ ಗುರುತಿಸಿಕೊಂಡಿದ್ದರೆ ಹುಡುಕಾಟದ ನೋಟವೂ ಬೇಕಾಗುವುದಿಲ್ಲ.

ಎರಡನೇ ದಾರಿ, ಎಲೆಗಳ ಮುಖ ನೋಡಲು ಒಪ್ಪಿಗೆ ಇರುವ ನೆಪ ಹುಡುಕುವುದು. "ಜೋಕರ್ ತೆಗೆದುಬಿಡೋಣ" ಎನ್ನುವುದು ಎಲ್ಲರೂ ಒಪ್ಪುವ ಕಾರಣ. ಈ ನೆಪ ಹೂಡುವ ಮೊದಲು ಕಟ್ಟಿನಲ್ಲಿ ನಿಜವಾಗಿಯೂ ಜೋಕರ್ ಇರಬೇಕು, ಅದು ಸಾಧ್ಯವಾದಷ್ಟು ಹಿಂದಿದ್ದರೆ ಒಳ್ಳೆಯದು. ಎಲೆಗಳ ಮುಖ ನಿಮ್ಮ ಕಡೆಗಿರುವಂತೆ ಹಿಡಿದು, ಎಡಗೈ ಹೆಬ್ಬೆರಳಿನಿಂದ ಒಂದೊಂದಾಗಿ ಬಲಗೈಗೆ ಸರಿಸಿ. ಬೇಕಾದ ಎಲೆ ಬಂದಾಗ ಅದನ್ನು ಉಳಿದವುಗಳಂತೆಯೇ ಸ್ವಲ್ಪ ಸರಿಸಿ, ಹರಡಿದ ಎಲೆಗಳ ಅಡಿಯಲ್ಲಿರುವ ಬಲಗೈ ಬೆರಳತುದಿಗಳಿಂದ ಅದರ ಬೆನ್ನನ್ನು ಒತ್ತಿ ಬಲಕ್ಕೆ ಎಳೆದುಕೊಳ್ಳಿ. ಅದು ಹರಡಿನ ಅಡಿಗೆ ಜಾರುತ್ತದೆ. ಮುಂದಿನ ಎಲೆ ಅದರ ಮತ್ತು ಹರಡಿನ ನಡುವೆ ಬಂದು ಕೂರುತ್ತದೆ. ಹೀಗೆ ಬೇಕಾದವೆಲ್ಲ ಅಡಿಯಲ್ಲಿ ಕಳ್ಳತನದಿಂದ ಕೂಡಿಕೊಳ್ಳುತ್ತವೆ. 19ನೇ ಶತಮಾನದ ವಿಯೆನ್ನಾದ ಜಾದೂಗಾರ ಹೊಫ್‌ಜಿನ್ಸರ್ ಹೆಸರಿನೊಂದಿಗೆ ತಳುಕು ಹಾಕಿಕೊಂಡಿರುವ ಈ ಕೌಶಲ ಕಲಿಯಲು ತಿಂಗಳುಗಳೇ ಬೇಕಾದೀತು. ಆದರೆ ಒಮ್ಮೆ ಕೈಗೆ ಬಂದರೆ ಇದಕ್ಕೆ ಸಾಟಿಯಿಲ್ಲ.

ಇದರಲ್ಲಿ ತಪ್ಪುವುದು ಎರಡು ಕಡೆ. ಹರಡು ತೀರಾ ಅಗಲವಾದರೆ ಅಡಿಯ ಎಲೆಗಳ ಮೂಲೆ ಎದುರಿನವರಿಗೆ ಇಣುಕುತ್ತದೆ. ಬೇಕಾದ ಎಲೆ ಬರುವ ಹೊತ್ತಿಗೆ ಹರಡನ್ನು ಕಿರಿದಾಗಿಸಿಕೊಂಡಿರಿ. ಇನ್ನೊಂದು, ಮಧ್ಯದಲ್ಲೇ ನಿಲ್ಲಿಸಿ ಬಲಗೈ ಎಲೆಗಳನ್ನು ಎಡಗೈಯ ಮೇಲೆ ಮುಚ್ಚಿಬಿಡುವುದು. ಹಾಗೆ ಮಾಡಿದರೆ ಕೂಡಿಸಿದ್ದೆಲ್ಲ ಕಟ್ಟಿನ ನಡುವೆ ಸೇರಿಹೋಗುತ್ತದೆ. ಕೊನೆಯ ಎಲೆಯವರೆಗೂ ಹೋಗಿ, ಇಲ್ಲವೇ ಎಡಗೈಯಲ್ಲಿ ಉಳಿದದ್ದನ್ನು ಬಲಗೈ ಎಲೆಗಳ ಮುಖದ ಮೇಲೆ ತಂದು ಸೇರಿಸಿ. ಆಗ ಕವುಚಿದಾಗ ಬೇಕಾದ ಎಲೆಗಳು ಕಟ್ಟಿನ ಮೇಲೆ ಬರುತ್ತವೆ.

ಕಲಸುತ್ತಲೇ ಜಾಗ ಬದಲಿಸುವುದು, ಜಾಗ ಕಾಯುವುದು

ಮೇಲಿರುವ ಎಲೆ 10ನೇ ಸ್ಥಾನಕ್ಕೆ ಹೋಗಬೇಕು, ನೋಡುವವರಿಗೆ ಬರೀ ಕಲಸಿದಂತೆ ಕಾಣಬೇಕು. ಕೈಯಲ್ಲಿ ಕಲಸುವ ಸಾಮಾನ್ಯ ರೀತಿಯಲ್ಲೇ ಇದು ಸಾಧ್ಯ. ಬಲಗೈಯಿಂದ ಕಟ್ಟಿನ ಕೆಳಗಿನ ಅರ್ಧ ಎತ್ತಿಕೊಳ್ಳಿ. ಎಡಗೈಯಲ್ಲಿ ಉಳಿದ ಭಾಗದ ಮೇಲೆ ನಿಮ್ಮ ಎಲೆ ಇದೆ. ಅದರ ಮೇಲೆ ಒಂದೊಂದಾಗಿ 9 ಎಲೆ ಬಿಡಿ. ಹತ್ತನೆಯದನ್ನು ನಿಮ್ಮ ಮೈ ಕಡೆಗೆ ಅರ್ಧ ಬೆರಳಿನಷ್ಟು ಚಾಚಿಕೊಂಡಿರುವಂತೆ ಬಿಡಿ. ಉಳಿದವನ್ನು ಹೇಗೆಂದರೆ ಹಾಗೆ ಅದರ ಮೇಲೆ ಕಲಸಿ ಮುಗಿಸಿ. ಆಮೇಲೆ ಬಲಗೈ ಹೆಬ್ಬೆರಳಿನಿಂದ ಆ ಚಾಚಿದ ಎಲೆಯನ್ನು ಮೇಲಕ್ಕೆ ತಳ್ಳಿ, ಅದರ ಕೆಳಗಿರುವ ಭಾಗವನ್ನೆಲ್ಲ ಎತ್ತಿ ಮೇಲೆ ಹಾಕಿ. ನಿಮ್ಮ ಎಲೆ ಈಗ ಮೇಲಿನಿಂದ ಹತ್ತನೆಯದು.

ಇದೇ ಚಲನೆಯಲ್ಲಿ 9 ಎಲೆ ಬಿಡುವ ಭಾಗ ತೆಗೆದುಹಾಕಿ, ಮೊದಲ ಎಲೆಯನ್ನೇ ಚಾಚಿ ಬಿಟ್ಟರೆ ಜೋಡಣೆ ಕಾಯುವ ಕಲಸಾಟ ಸಿದ್ಧ. ಕೆಳಗಿನ ಅರ್ಧ ಮಾತ್ರ ಕಲಸಿಹೋಗುತ್ತದೆ, ಮೇಲಿನ ಅರ್ಧ ಹಾಗೇ ಮೇಲಕ್ಕೆ ವಾಪಸ್ಸು ಬರುತ್ತದೆ. ಮೇಲೆ ಜೋಡಿಸಿಟ್ಟ ಹದಿನಾರು ಎಲೆಗಳಿಗೆ ಇದಕ್ಕಿಂತ ಒಳ್ಳೆಯ ಕಾವಲು ಬೇಕಿಲ್ಲ. ಚಾಚಿದ ಎಲೆ ಕಾಣದಿರಲು ಎಡಗೈ ಕಿರುಬೆರಳು ಅದರ ಮೂಲೆಗೆ ಸದಾ ತಾಗಿರಲಿ, ಕಟ್ಟಿನ ಆ ತುದಿ ನಿಮ್ಮ ಹೊಟ್ಟೆಯ ಕಡೆಗಿರಲಿ. ಕಣ್ಣಿನಿಂದ ಅದನ್ನು ಹುಡುಕತೊಡಗಿದಿರೋ ಎದುರಿನವರೂ ಅಲ್ಲಿಗೇ ನೋಡುತ್ತಾರೆ. ಬೆರಳಿಗೇ ಕೆಲಸ ಕಲಿಸಿ.

ಅವರೇ ಕಲಸಲಿ

ಜೋಡಿಸಿದ ಕಟ್ಟನ್ನು ಪ್ರೇಕ್ಷಕರ ಕೈಗೆ ಕೊಟ್ಟು "ಕಲಸಿ" ಎನ್ನಲು ಸಾಧ್ಯವಿದೆ. ಅಮೆರಿಕದ ಗಣಿತಜ್ಞ, ಜಾದೂಗಾರ ನಾರ್ಮನ್ ಗಿಲ್‌ಬ್ರೆತ್ 1958ರಲ್ಲಿ ಪ್ರಕಟಿಸಿದ ತತ್ವದ ಬಲ ಇದು. ಒಂದು ಕೆಂಪು ಒಂದು ಕಪ್ಪು ಎಂದು ಜೋಡಿಸಿದ ಕಟ್ಟನ್ನು ಎರಡು ಭಾಗ ಮಾಡಿ, ಒಂದರಲ್ಲೊಂದು ಹೆಣೆಯುವಂತೆ ಒಮ್ಮೆ ರಿಫಲ್ ಮಾಡಿದರೆ, ಮೇಲಿನಿಂದ ತೆಗೆದ ಪ್ರತಿ ಎರಡು ಎಲೆಗಳಲ್ಲಿ ಒಂದು ಕೆಂಪು, ಒಂದು ಕಪ್ಪು ಇದ್ದೇ ಇರುತ್ತದೆ. ಹೆಣಿಗೆ ಎಷ್ಟೇ ಒರಟಾಗಿದ್ದರೂ ಸರಿ, ಒಂದು ಕಡೆಯಿಂದ ಏಳೆಂಟು ಎಲೆ ಒಟ್ಟಿಗೆ ಬಿದ್ದರೂ ಸರಿ.

ಷರತ್ತು ಒಂದೇ: ಹೆಣೆಯುವ ಮೊದಲು ಎರಡು ಭಾಗಗಳ ತಳದ ಎಲೆಗಳು ಬೇರೆ ಬೇರೆ ಬಣ್ಣದವಾಗಿರಬೇಕು. ಅದನ್ನು ಕದ್ದು ನೋಡುವ ಗೋಜು ಬೇಡ ಎನ್ನುವುದಾದರೆ, ಕಟ್ ಮಾಡಿಸುವ ಬದಲು ಎಲೆಗಳನ್ನು ಒಂದೊಂದಾಗಿ ಮೇಜಿಗೆ ಹಾಕಲು ಹೇಳಿ: "ಸುಮಾರು ಅರ್ಧ ಆಗುವವರೆಗೆ ಹಾಕಿ, ನಿಮಗೆ ಬೇಕೆನಿಸಿದಲ್ಲಿ ನಿಲ್ಲಿಸಿ." ಹಾಗೆ ಹಾಕಿದಾಗ ಆ ಭಾಗದ ಕ್ರಮ ತಿರುವುಮುರುವಾಗುತ್ತದೆ, ಕಟ್ಟಿನ ಮೊದಲ ಎಲೆಯೇ ಅದರ ತಳದಲ್ಲಿ ಕೂರುತ್ತದೆ. ಇನ್ನೊಂದು ಭಾಗದ ತಳದಲ್ಲಿ 52ನೆಯದು. ಎರಡೂ ಬೇರೆ ಬಣ್ಣದವೇ. ಅವರು ಎಲ್ಲಿ ನಿಲ್ಲಿಸಿದರೂ ಷರತ್ತು ತಾನಾಗಿ ಪೂರೈಸುತ್ತದೆ.

ಗಿಲ್‌ಬ್ರೆತ್ 1966ರಲ್ಲಿ ಇದನ್ನೇ ಇನ್ನೂ ವಿಸ್ತರಿಸಿದ. ಸರದಿಯಂತೆ ಮರುಕಳಿಸುವ ಯಾವುದೇ ಕ್ರಮಕ್ಕೂ ತತ್ವ ಸಲ್ಲುತ್ತದೆ. ಮೂರು ಕೂಡಿಸುವ ಜೋಡಣೆಯಲ್ಲಿ ಜಾತಿ ನಾಲ್ಕಕ್ಕೊಮ್ಮೆ ಮರುಕಳಿಸುತ್ತದೆ, ಅಂಕಿ ಹದಿಮೂರಕ್ಕೊಮ್ಮೆ. ಆದ್ದರಿಂದ ಎಲೆ ಹಾಕಿ, ಒಮ್ಮೆ ಹೆಣೆದ ಮೇಲೂ ಮೇಲಿನಿಂದ ಪ್ರತಿ ನಾಲ್ಕರಲ್ಲಿ ನಾಲ್ಕು ಜಾತಿಯೂ ಇರುತ್ತದೆ, ಪ್ರತಿ ಹದಿಮೂರರಲ್ಲಿ ಎಕ್ಕದಿಂದ ರಾಜನವರೆಗೆ ಎಲ್ಲವೂ ಒಂದೊಂದು ಇರುತ್ತದೆ. ಇಸ್ಪೀಟಿನಲ್ಲಿ ಇಷ್ಟು ಚೆಂದದ ಗಣಿತ ಬೇರೆ ಸಿಗುವುದು ಅಪರೂಪ.

ಹೆಣೆಯುವುದು ಒಂದೇ ಸಲ. ಎರಡನೆಯ ಸಲ ಹೆಣೆದರೆ ಖಾತ್ರಿ ಹೋಯಿತು. ಆಮೇಲೆ ಕಟ್ ಕೂಡ ಮಾಡಿಸಬೇಡಿ. ಜೋಡಿಯ ನಡುವೆ ಕಟ್ ಬಿದ್ದರೆ ಗುಂಪುಗಳು ಸರಿದುಬಿಡುತ್ತವೆ. ಕೈಯಲ್ಲಿ ಮುಷ್ಟಿ ಮುಷ್ಟಿಯಾಗಿ ಕಲಸುವ ರೀತಿಯೂ ನಡೆಯುವುದಿಲ್ಲ. ರಿಫಲ್ ಬಾರದವರಿಗೆ ಬೇರೆ ಉಪಾಯವಿದೆ: ಎರಡೂ ಗುಡ್ಡೆಗಳನ್ನು ಮುಂದಿಟ್ಟು, "ಯಾವ ಗುಡ್ಡೆಯಿಂದ ಬೇಕಾದರೂ ಮೇಲಿನ ಎಲೆ ತೆಗೆದು ಒಂದೊಂದಾಗಿ ಹೊಸ ಗುಡ್ಡೆಗೆ ಹಾಕುತ್ತಾ ಹೋಗಿ" ಎನ್ನಿ. ಫಲ ಅದೇ. ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಆದರೆ ಆಯ್ಕೆಯೆಲ್ಲ ತಮ್ಮದೇ ಎಂದು ಅವರಿಗೆ ಇನ್ನೂ ಗಟ್ಟಿಯಾಗಿ ಅನಿಸುತ್ತದೆ.

ಕಟ್ಟನ್ನೇ ಬದಲಿಸುವುದಾದರೆ

ಮೊದಲೆರಡು ಆಟ ಸಾದಾ ಕಟ್ಟಿನಲ್ಲಿ, ಎಲ್ಲರೂ ಕಲಸಿದ ಮೇಲೆ ಜೋಡಿಸಿದ ಕಟ್ಟು ಒಳಗೆ ಬರುವುದು, ಇದು ಬಲವಾದ ಏರ್ಪಾಡು. ಎರಡೂ ಕಟ್ಟುಗಳ ಬೆನ್ನಿನ ವಿನ್ಯಾಸ ಒಂದೇ ಆದರೆ ಸಾಲದು, ಸವೆತವೂ ಒಂದೇ ಇರಬೇಕು. ಒಂದು ಹೊಸತು, ಒಂದು ಮಾಸಿದ್ದು ಆದರೆ ಅಂಚಿನ ಬಣ್ಣವೇ ಹೇಳಿಬಿಡುತ್ತದೆ. ಹಿಂದಿನ ಆಟದಲ್ಲಿ ಒಂದು ಎಲೆಗೆ ಸಹಿ ಹಾಕಿಸಿದ್ದರೆ ಅಥವಾ ಹರಿದಿದ್ದರೆ ಜೋಡಿಸಿದ ಕಟ್ಟಿನಲ್ಲೂ ಆ ಎಲೆ ಇರಬಾರದು. ಆ ಖಾಲಿ ಜಾಗ ಎಲ್ಲಿದೆ ಎಂಬುದು ನಿಮ್ಮ ನೆನಪಿನಲ್ಲಿರಬೇಕು. ಬದಲಿಸುವ ಕ್ಷಣಕ್ಕೂ ನೆಪ ಬೇಕು: ಕಟ್ಟನ್ನು ಜೇಬಿಗೆ ಹಾಕಿ ಬೇರೆ ವಸ್ತುವಿನ ಆಟವೊಂದನ್ನು ಮಾಡಿ, ಮತ್ತೆ "ಎಲೆಗಳಿಗೇ ಬರೋಣ" ಎಂದು ಇನ್ನೊಂದನ್ನು ತೆಗೆಯಿರಿ. ಎರಡು ಕಟ್ಟು ಒಂದೇ ಜೇಬಿನಲ್ಲಿದ್ದರೆ ಜೇಬು ಉಬ್ಬುತ್ತದೆ, ಕೈಗೂ ಯಾವುದು ಯಾವುದೆಂದು ತಿಳಿಯುವುದಿಲ್ಲ. ಎಡಕ್ಕೊಂದು, ಬಲಕ್ಕೊಂದು ಇಟ್ಟುಕೊಳ್ಳಿ. ಹೊರಬಂದ ಕಟ್ಟನ್ನು ಕೂಡಲೇ ಕಾಯುವ ಹಾಗೆ ಹಿಡಿಯದೆ ಮೇಜಿನ ಮೇಲೆ ಸಹಜವಾಗಿ ಬಿಟ್ಟು ಒಂದು ನಿಮಿಷ ಮಾತಾಡಿ.

ಮೂರು ಆಟಗಳ ಒಂದು ಸರಣಿ

ಮೂರು ಕೂಡಿಸುವ ಜೋಡಣೆಯಿಂದ, ಒಂದೇ ಕಟ್ಟಿನಲ್ಲಿ ಹೀಗೆ ಸಾಗಬಹುದು.

ಮೊದಲಿಗೆ ಇಬ್ಬರು ಮೂವರಿಂದ ಕಟ್ ಮಾಡಿಸಿ, ಮೇಲೆ ಹೇಳಿದಂತೆ ತಳದ ಎಲೆ ನೋಡಿ ಆರಿಸಿದ ಎಲೆಯನ್ನು ಹೇಳಿ. ಹೇಳುವಾಗ ಅವಸರ ಬೇಡ: ಮೊದಲು ಬಣ್ಣ, ಆಮೇಲೆ ಜಾತಿ, ಕೊನೆಗೆ ಅಂಕಿ. ಅಷ್ಟರಲ್ಲಿ ಲೆಕ್ಕವನ್ನು ಇನ್ನೊಮ್ಮೆ ನೋಡಿಕೊಳ್ಳಲೂ ಸಮಯ ಸಿಗುತ್ತದೆ. ಎಲೆ ಮೇಲಕ್ಕೆ ವಾಪಸ್ಸು.

ಎರಡನೆಯದಕ್ಕೆ ಜೋಡಣೆಯ ಇನ್ನೊಂದು ಗುಣ ನೆರವಾಗುತ್ತದೆ. ಯಾವ ಎಲೆಯಿಂದ ಎಣಿಸಿದರೂ ಅದೇ ಅಂಕಿಯ, ಅದೇ ಬಣ್ಣದ ಜೊತೆಗಾರ ಎಲೆ ಸರಿಯಾಗಿ 26 ಎಲೆ ಆಚೆ ಇರುತ್ತದೆ. ತಳದಲ್ಲಿ ಡೈಮಂಡ್ ಗುಲಾಮ ಇದ್ದರೆ ಆಟೀನು ಗುಲಾಮ 26ನೆಯದು. ಎಲೆಗಳ ಮುಖವನ್ನು ನಿಮ್ಮ ಕಡೆಗೆ ಹರಡಿ, ತಳದ ಎಲೆಯ ಜೊತೆಗಾರನನ್ನು ಹುಡುಕಿ, ಅದು ಮೇಲಿನ ಭಾಗದ ತಳವಾಗುವಂತೆ ಕಟ್ಟನ್ನು ಎರಡಾಗಿಸಿ. "ಸರಿಯಾಗಿ ಅರ್ಧ ಮಾಡುತ್ತಿದ್ದೇನೆ" ಎನ್ನಿ, ಅದು ಸುಳ್ಳೂ ಅಲ್ಲ. ಒಂದು ಭಾಗ ಪ್ರೇಕ್ಷಕರಿಗೆ, ಒಂದು ನಿಮಗೆ. ಇಬ್ಬರೂ ಒಟ್ಟಿಗೆ ಮೇಲಿನಿಂದ ಒಂದೊಂದು ಎಲೆ ತಿರುಗಿಸಿ ತಮ್ಮ ತಮ್ಮ ಮುಂದೆ ಅಂಗಾತ ಹಾಕುತ್ತಾ ಹೋದರೆ ಪ್ರತಿ ಸಲವೂ ಜೋಡಿ ಕೂಡುತ್ತದೆ. ಎಂಟು ಹತ್ತು ಜೋಡಿ ಸಾಕು. ಇಪ್ಪತ್ತಾರನ್ನೂ ಹಾಕಿಸಿದರೆ ನೋಡುವವರು ಕ್ರಮ ಹುಡುಕತೊಡಗುತ್ತಾರೆ. ಹಾಕಿದ ಎಲೆಗಳನ್ನು ಕವುಚಿ ಆಯಾ ಭಾಗದ ಮೇಲೆ ಇಟ್ಟರೆ ಮೊದಲಿನ ಕ್ರಮವೇ ಮರಳುತ್ತದೆ. ಮೇಲಿನ ಅರ್ಧವನ್ನು ಇನ್ನೊಂದರ ಮೇಲೆ ಸೇರಿಸಿ. ಅದಲು ಬದಲಾದರೂ ಚಿಂತೆಯಿಲ್ಲ, ಅದು ಒಂದು ಕಟ್ ಅಷ್ಟೇ.

ಕೊನೆಯದು ಗಿಲ್‌ಬ್ರೆತ್. ಅರ್ಧದಷ್ಟು ಎಲೆ ಹಾಕಿಸಿ, ಅವರಿಂದಲೇ ಹೆಣೆಸಿ, ಕಟ್ಟನ್ನು ಮುಟ್ಟದೆ ಹಿಂದೆ ಸರಿಯಿರಿ. ಮೇಲಿನ ನಾಲ್ಕು ಎಲೆ ಎತ್ತಲು ಹೇಳಿ: ನಾಲ್ಕು ಜಾತಿ. ಮುಂದಿನ ನಾಲ್ಕು: ಮತ್ತೆ ನಾಲ್ಕು ಜಾತಿ. ಇದೇ ಆಟ ಕೊನೆಗಿರಬೇಕಾದದ್ದಕ್ಕೆ ಕಾರಣವಿದೆ. ಹೆಣೆದಾಗಲೇ ನಿಮ್ಮ ಸಾಲು ಅಳಿಸಿಹೋಗಿದೆ, ಆಟ ಮುಗಿದು ಎಲೆಗಳು ಚೆದುರಿದ ಮೇಲೆ ಯಾರು ಕಟ್ಟನ್ನು ಎತ್ತಿ ಒಂದೊಂದೇ ಎಲೆ ನೋಡಿದರೂ ಹಿಡಿಯಲು ಏನೂ ಉಳಿದಿರುವುದಿಲ್ಲ. ಮುಂದಿನ ಪ್ರದರ್ಶನಕ್ಕೆ ಮಾತ್ರ ನಾಲ್ಕು ಗುಡ್ಡೆ ಮಾಡಿ, 1, 4, 7, 10 ಎಲೆ ಎತ್ತಿಟ್ಟು ಮೊದಲಿನಿಂದ ಜೋಡಿಸಬೇಕು.